ನೌಕರನ ಖಿನ್ನತೆ: ಹೊಣೆ ಯಾರದು?

ಡೊಂಬಿವಲಿ, ಕಲ್ಯಾಣಗಳಿಂದ ಮುಂಜಾನೆಯೇ ಲೋಕಲ್ ಗಾಡಿ ಹಿಡಿಯುವ ನೌಕರನಿಗೆ ಜ್ವರ ಬಂದರೆ ರಜೆಯುಂಟು. ಮನಸ್ಸು ಕುಗ್ಗಿದರೆ 'ಸೋಮಾರಿ' ಎಂಬ ಬಿರುದು. ಎರಡು ವಾರಗಳಿಗೂ ಮೀರಿ ನಿರುತ್ಸಾಹ, ನಿದ್ರಾಭಂಗ, ಏಕಾಗ್ರತೆಯ ಅಭಾವ ಕಾಡಿದಲ್ಲಿ ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯುಂಟು.

ಖಿನ್ನತೆ ಹಾಗೂ ಆತಂಕಗಳಿಂದ ಜಗತ್ತು ವರ್ಷಕ್ಕೆ 1,200 ಕೋಟಿ ದುಡಿಮೆಯ ದಿನಗಳನ್ನು ಕಳೆದುಕೊಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ ಇದು ಮಾಲೀಕರ ಲೆಕ್ಕಕ್ಕೂ ಸೇರುವ ನಷ್ಟ.

ಥಾಣೆಯಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿಯವರು ಸ್ಥಾಪಿಸಿದ 'ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್' ಚಿಕಿತ್ಸೆಯೊಡನೆ ಉದ್ಯಮಗಳಿಗೆ ತರಬೇತಿಯನ್ನೂ ನೀಡಿದೆ. ನವಿಮುಂಬಯಿಯ ಕಾರ್ಖಾನೆ, ಕಚೇರಿಗಳ ಆಡಳಿತವರ್ಗವು ಇಂತಹ ಸಂಸ್ಥೆಗಳೊಡನೆ ಕೈಜೋಡಿಸಿ ಗೌಪ್ಯ ಸಮಾಲೋಚನೆಯನ್ನೂ, ಗುಣಮುಖನಾದವನು ಹಂತಹಂತವಾಗಿ ಕೆಲಸಕ್ಕೆ ಮರಳುವ ಅವಕಾಶವನ್ನೂ ಕಲ್ಪಿಸಬೇಕು.

ದುಃಖವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವುದು ಸುಲಭ. ಅಲ್ಲಿ ಕನ್ನಡ ಸಂಘಗಳ ಕರ್ತವ್ಯವಿದೆ. 2022ರಲ್ಲಿ ಆರಂಭವಾದ ಸರಕಾರದ ಉಚಿತ 'ಟೆಲಿ ಮಾನಸ್' ದೂರವಾಣಿ 14416 ಪ್ರತಿ ಮನೆಯಲ್ಲಿಯೂ ಬರೆದಿಡತಕ್ಕದ್ದು.