ನಾಯಿ ಸಾಕಿದವರಿಗೆ ಕಾನೂನು ಏನು ಹೇಳುತ್ತದೆ?

ಮಳವಳ್ಳಿಯ ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿ ಇದೆ. ಅದು ಮರಿಯಾಗಿದ್ದಾಗ ಅಬ್ಬಾ ಒಂದು ಆಲೆಮನೆಯ ಹತ್ತಿರದಿಂದ ತಂದಿದ್ದರು. ಹಗಲೆಲ್ಲ ಅಂಗಳದ ತೆಂಗಿನಮರಕ್ಕೆ ಕಟ್ಟಿರುತ್ತಿದ್ದೆವು. ಕಳೆದ ರಜೆಯಲ್ಲಿ ಅದು ಹಗ್ಗ ಕಿತ್ತುಕೊಂಡು ಹೋಗಿ, ಅಂಗಡಿಯಿಂದ ಬರುತ್ತಿದ್ದ ಪಕ್ಕದ ಮನೆಯ ಮಗುವಿನ ಕಾಲಿಗೆ ಕಚ್ಚಿತು. ಅಬ್ಬಾ ಓಡಿಹೋಗಿ ಐನೂರು ರೂಪಾಯಿ ಕೊಡಲು ಹೋದರು. ಮಗುವಿನ ತಾಯಿ ನೋಟು ಮುಟ್ಟಲಿಲ್ಲ. "ದುಡ್ಡು ಬ್ಯಾಡ ಭಾಯ್, ನಾಯಿಗೆ ಇಂಜೆಕ್ಷನ್ ಹಾಕ್ಸಿದ್ದೀರಾ? ಅದೊಂದು ಹೇಳಿ" ಎಂದರು.

ಹಾಕಿಸಿರಲಿಲ್ಲ.

ಆ ರಾತ್ರಿ ಅಬ್ಬಾ ಹೇಳುತ್ತಲೇ ಇದ್ದರು: "ಕಟ್ಟಿದ್ದೆವಲ್ಲ, ಹಗ್ಗ ಕಿತ್ತುಕೊಂಡು ಹೋದರೆ ನಾವೇನು ಮಾಡೋಕಾಗುತ್ತೆ?" ನನಗೂ ಅದು ಸರಿ ಅನ್ನಿಸಿತ್ತು. ಆದರೆ ರಾಜ್ಯಶಾಸ್ತ್ರ ಓದುವವನು ಕಾನೂನು ನೋಡದೆ ತೀರ್ಪು ಕೊಡಬಾರದೆಂದು ಹುಡುಕಿದೆ. ಸಿಕ್ಕಿದ್ದನ್ನು ಸಹಪಾಠಿಗಳಿಗಾಗಿ ಬರೆಯುತ್ತಿದ್ದೇನೆ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯದರ 289ನೇ ಸೆಕ್ಷನ್ ಹೊಸದರಲ್ಲಿ 291 ಆಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗಬಹುದಾದಾಗ, ಅದನ್ನು ತಡೆಯಲು ಸಾಕಾಗುವಷ್ಟು ಎಚ್ಚರಿಕೆಯನ್ನು ತಿಳಿದೂ ಅಥವಾ ನಿರ್ಲಕ್ಷ್ಯದಿಂದ ತೆಗೆದುಕೊಳ್ಳದಿದ್ದರೆ ಅದು ಅಪರಾಧ. ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಿಂದೆ ದಂಡ 1,000 ರೂಪಾಯಿ ಇತ್ತು. ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು, ಜಾಮೀನು ಸಿಗುತ್ತದೆ.

ಇಲ್ಲಿ "ಸಾಕಾಗುವಷ್ಟು" ಎಂಬ ಮಾತಿನಲ್ಲೇ ಅಬ್ಬಾರ ಪ್ರಶ್ನೆಗೆ ಉತ್ತರ ಇದೆ. ಕಟ್ಟಿದ್ದು ನಿಜ. ಆದರೆ ಹಗ್ಗ ಸವೆದಿದ್ದು ಮನೆಯವರಿಗೆಲ್ಲ ಗೊತ್ತಿತ್ತು, ಅಮ್ಮಿ ಎರಡು ಸಲ ಹೇಳಿದ್ದರು. ಗೇಟಿಗೆ ಚಿಲಕವಿರಲಿಲ್ಲ. ಕಾನೂನು ಕೇಳುವುದು ನಾಯಿ ಯಾಕೆ ಕಚ್ಚಿತು ಎಂದಲ್ಲ, ಕಚ್ಚದಂತೆ ನೀನು ಏನು ಮಾಡಿದ್ದೆ ಎಂದು.

"ವಶದಲ್ಲಿರುವ" ಎಂಬ ಪದವೂ ಮುಖ್ಯ. ಮಾಲೀಕ ಎಂದಷ್ಟೇ ಹೇಳಿಲ್ಲ. ನಮ್ಮ ಜಿಲ್ಲೆಯ ಆಲೆಮನೆಗಳಲ್ಲಿ, ತೆಂಗಿನ ತೋಟಗಳಲ್ಲಿ ಕಾವಲಿಗೆಂದು ನಾಯಿ ಇರುತ್ತದೆ. ಯಾರದು ಎಂದು ಕೇಳಿದರೆ "ಯಾರದೂ ಅಲ್ಲ, ಇಲ್ಲೇ ಇರ್ತದೆ" ಎನ್ನುತ್ತಾರೆ. ಆದರೆ ದಿನಾ ಅನ್ನ ಹಾಕಿ, ರಾತ್ರಿ ಕಾವಲಿಗೆ ಬಿಟ್ಟು, ಬೆಳಿಗ್ಗೆ ಕಟ್ಟಿಹಾಕುವವರು ನನ್ನ ವಶದಲ್ಲಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳುವುದು ಕಷ್ಟ. ಬೀದಿಯಲ್ಲಿ ಒಂದು ತುತ್ತು ಹಾಕಿ ಹೋಗುವವರ ಸ್ಥಿತಿ ಬೇರೆ.

ಗಾಯಗೊಂಡವರು ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರವನ್ನೂ ಕೇಳಬಹುದು. "ನಾಯಿ ಇದೆ ಎಚ್ಚರಿಕೆ" ಎಂಬ ಬೋರ್ಡ್ ಹಾಕಿದರೆ ಹೊಣೆ ತಪ್ಪಿತು ಎಂದುಕೊಂಡವರು ತುಂಬ. ಆದರೆ ನಾಯಿ ಕಚ್ಚುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತು ಎನ್ನಲು ಎದುರು ಪಕ್ಷದ ವಕೀಲರು ಅದೇ ಬೋರ್ಡನ್ನು ತೋರಿಸಬಹುದು!

ಇಂಜೆಕ್ಷನ್ ವಿಷಯ. ಪ್ರಾಣಿ ಜನನ ನಿಯಂತ್ರಣ ನಿಯಮಗಳು 2023ರ ಪ್ರಕಾರ ಸಾಕುನಾಯಿಗೆ ಲಸಿಕೆ, ಜಂತುಹುಳದ ಔಷಧ, ಸಂತಾನಹರಣ ಚಿಕಿತ್ಸೆ ಮಾಡಿಸುವ ಹೊಣೆ ಸಾಕಿದವರದೇ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆ ತಾಯಿ ದುಡ್ಡು ಬಿಟ್ಟು ಇಂಜೆಕ್ಷನ್ ಬಗ್ಗೆ ಕೇಳಿದ್ದು ಇದಕ್ಕೇ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಗಾಯ ಆಳವಾಗಿದ್ದರೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಕಚ್ಚಿದ ನಾಯಿಯನ್ನು 10 ದಿನ ಕಟ್ಟಿ, ಅದರ ಮೇಲೆ ಕಣ್ಣಿಡಬೇಕು.

ಈ 10 ದಿನದ ಮಾತು ನಮ್ಮ ಮನೆಯಲ್ಲಿ ಜಗಳವಾಯಿತು. ಮರುದಿನವೇ ಚಾಚಾರ ಗೂಡ್ಸ್ ಆಟೋದಲ್ಲಿ ಒಯ್ದು ಮದ್ದೂರಿನ ಶಿಂಷಾ ಸೇತುವೆ ಹತ್ತಿರ ಬಿಟ್ಟುಬರೋಣ ಎಂದು ಅಬ್ಬಾ ತೀರ್ಮಾನಿಸಿದ್ದರು. ಬಿಟ್ಟುಬಂದರೆ ಅದಕ್ಕೆ ರೇಬಿಸ್ ಇದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಅದಲ್ಲದೆ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಯಾವಾಗಲೂ ಕಟ್ಟಿರುವ ನಾಯಿಯನ್ನು ಓಡಾಡಿಸದಿರುವುದೂ ಅದೇ ಸೆಕ್ಷನ್‌ನಲ್ಲಿದೆ. ಇದನ್ನು ಓದಿದಾಗ ತೆಂಗಿನಮರದ ಬುಡದಲ್ಲಿ ಹಗಲೆಲ್ಲ ಸುತ್ತುತ್ತಿದ್ದ ಕರಿಯ ಕಣ್ಣಿಗೆ ಬಂತು. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ಇಷ್ಟು ಕಡಿಮೆ ಇರುವುದರಿಂದಲೇ ಯಾರೂ ಹೆದರುವುದಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಕೊಂದರೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಐದು ವರ್ಷದವರೆಗೆ ಶಿಕ್ಷೆ ಆಗಬಹುದು.

ಅಬ್ಬಾರಿಗೆ ಸೆಕ್ಷನ್‌ಗಳನ್ನು ಓದಿ ಹೇಳಿದೆ. "ನಿನ್ನ ಓದು ನನ್ನ ಮೇಲೇನಾ?" ಎಂದು ಎದ್ದು ಹೋದರು. ಆದರೆ ಸೇತುವೆಗೆ ಹೋಗಲಿಲ್ಲ. ಗೇಟಿಗೆ ಚಿಲಕ ಬಂತು. ಮಗುವನ್ನು ಪ್ರತಿ ಇಂಜೆಕ್ಷನ್‌ಗೂ ಅಬ್ಬಾ ತಮ್ಮ ಬೈಕಿನಲ್ಲೇ ತಾಯಿಯೊಂದಿಗೆ ಕರೆದುಕೊಂಡು ಹೋದರು. ಹತ್ತು ದಿನ ಬೆಳಿಗ್ಗೆ ಆ ತಾಯಿ ಕಾಂಪೌಂಡಿನಾಚೆಯಿಂದ "ನಾಯಿ ಹೆಂಗದೆ?" ಎಂದು ಕೇಳುತ್ತಿದ್ದರು, ನಾನು "ಅನ್ನ ತಿಂತಿದೆ ಅಕ್ಕ" ಎನ್ನುತ್ತಿದ್ದೆ. ಹನ್ನೊಂದನೇ ದಿನ ಕರಿಯನನ್ನು ಪಶು ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಿದೆವು. ಮುಂದಿನ ವರ್ಷದ ತಾರೀಖು ಬರೆದ ಕಾರ್ಡು ರೇಷನ್ ಕಾರ್ಡಿನ ಜೊತೆಯಲ್ಲೇ ಇದೆ.