ಒಂದು ಇಸಿಜಿಗೆ ನಿಲ್ಲಿಸಬೇಡಿ

ಬಾಯಿ ಸೊಟ್ಟಗಾಯಿತು, ಮಾತು ತೊದಲಿತು, ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು. ವೈದ್ಯರು ಟಿಐಎ ಎನ್ನುವ ಈ ತಾತ್ಕಾಲಿಕ ಪಾರ್ಶ್ವವಾಯುವಿನ ರೋಗಿಗಳನ್ನು ನೋಡುತ್ತ ನಾನು ಕಲಿತದ್ದು ಇಷ್ಟು.

1. ಸರಿಹೋಯಿತೆಂದು ಮನೆಯಲ್ಲಿ ಕೂರುವಂತಿಲ್ಲ. ದೊಡ್ಡ ಪಾರ್ಶ್ವವಾಯುವಿನ ಅಪಾಯ ಮೊದಲ ಎರಡು ದಿನಗಳಲ್ಲೇ ಅತಿ ಹೆಚ್ಚು.

2. ಇಸಿಜಿ ನೋಡುವುದು ಹತ್ತು ಸೆಕೆಂಡಿನ ಬಡಿತವನ್ನು. ಆದರೆ ಟಿಐಎಗೆ ಕಾರಣವಾಗಬಲ್ಲ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಬಡಿತದ ತೊಂದರೆ ಎಷ್ಟೋ ಸಲ ಬಂದು, ತಾನಾಗಿಯೇ ಹೋಗಿಬಿಡುತ್ತದೆ. ಅದು ಬಂದಾಗ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಅದುರುತ್ತವೆ. ಎಡಗೋಣೆಯ ಚೀಲದಂಥ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಅದರ ಚೂರು ಮಿದುಳಿಗೆ ಹೋಗುತ್ತದೆ. ಫಿಬ್ರಿಲೇಷನ್ ಬಂದದ್ದು ಎಷ್ಟೋ ರೋಗಿಗಳ ಅರಿವಿಗೇ ಬರುವುದಿಲ್ಲ.

3. ಕುತ್ತಿಗೆಯ ರಕ್ತನಾಳ ಚೆನ್ನಾಗಿದ್ದು, ಬೇರೆ ಕಾರಣವೂ ಸಿಗದಿದ್ದರೆ, ಬಡಿತವನ್ನು ಸತತವಾಗಿ ದಾಖಲಿಸುವ ಹೋಲ್ಟರ್ ಯಂತ್ರವನ್ನು ಒಂದೇ ದಿನ ಹಾಕಿದರೆ ಸಾಲದು. 2014ರಲ್ಲಿ ಪ್ರಕಟವಾದ ಕೆನಡಾದ ಎಂಬ್ರೇಸ್ ಅಧ್ಯಯನದಲ್ಲಿದ್ದವರು ಇಂಥವರೇ, 55 ದಾಟಿದವರು. 24 ಗಂಟೆಯ ಹೋಲ್ಟರ್‌ನಲ್ಲಿ ನೂರಕ್ಕೆ ಸುಮಾರು 3 ಜನರಲ್ಲಿ ಫಿಬ್ರಿಲೇಷನ್ ಸಿಕ್ಕಿತು. 30 ದಿನ ಎದೆಗೆ ಬೆಲ್ಟ್ ಕಟ್ಟಿ ನೋಡಿದಾಗ ಸುಮಾರು 16 ಜನರಲ್ಲಿ! ಚರ್ಮದಡಿ ಇಡುವ ಪುಟ್ಟ ಯಂತ್ರ ಇನ್ನೂ ದೀರ್ಘ ಕಾಲ ಕಾಯುತ್ತದೆ, ಆದರೆ ದುಬಾರಿ. ಆ ಖರ್ಚು ಆಗದವರಿಗೆ ಹೋಲ್ಟರ್ ಅನ್ನೇ ಮತ್ತೆ ಮತ್ತೆ ಹಾಕಿಸುವುದು, ಸುಮ್ಮನಿರುವುದಕ್ಕಿಂತ ಎಷ್ಟೋ ಮೇಲು.

4. "ತಂತಿ ಕಿತ್ತುಹೋದೀತು ಅಂತ ಮಲಗೇ ಇದ್ದೆ ಡಾಕ್ಟ್ರೇ" ಎಂದು ಹೋಲ್ಟರ್ ಹಾಕಿಸಿಕೊಂಡವರು ಹೇಳುವುದು ಬಹಳ. ಬೇಡ. ನಡೆಯಿರಿ, ಮೆಟ್ಟಿಲು ಹತ್ತಿ, ಅಡುಗೆ ಮಾಡಿ. ಎದೆಗೆ ಎಣ್ಣೆ, ಪೌಡರ್ ಮಾತ್ರ ಹಚ್ಚಬೇಡಿ, ಪಟ್ಟಿ ಅಂಟುವುದಿಲ್ಲ. ಎದೆ ಡವಡವ ಎಂದರೆ ಹೊತ್ತು ಬರೆದಿಡಿ.

5. ನಾಡಿ ಹಿಡಿದು ನೋಡುವುದನ್ನು ಮನೆಯವರಿಗೂ ಕಲಿಸುತ್ತೇನೆ. ಬಡಿತ ತಾಳ ತಪ್ಪಿದಂತೆ ಕಂಡರೆ ತಕ್ಷಣ ಇಸಿಜಿ ಮಾಡಿಸಬೇಕು.

6. ಫಿಬ್ರಿಲೇಷನ್ ಸಿಕ್ಕರೆ ಚಿಕಿತ್ಸೆಯೇ ಬದಲಾಗುತ್ತದೆ. ಆಸ್ಪಿರಿನ್ ಸಾಲದು, ಹೆಪ್ಪು ತಡೆಯುವ ಬಲವಾದ ಮಾತ್ರೆ ಬೇಕು. ವಾರ್ಫರಿನ್ ಈ ರೋಗಿಗಳ ಪಾರ್ಶ್ವವಾಯುವನ್ನು ಸುಮಾರು ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ. ಈಗ ಹೊಸ ಮಾತ್ರೆಗಳೂ ಇವೆ. ಆದರೆ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ವಾರ್ಫರಿನ್ನೇ ಸರಿ. ನಮ್ಮಲ್ಲಿ ಅಂಥವರು ಇನ್ನೂ ಇದ್ದಾರೆ. ಸೊಪ್ಪು ವಾರ್ಫರಿನ್ನಿನ ಕೆಲಸವನ್ನು ತಗ್ಗಿಸಬಹುದಾದರೂ ಅವರು ಅದನ್ನು ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಅಷ್ಟೇ ತಿಂದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತಿಳಿಸುವ ಐಎನ್‌ಆರ್ ತಪ್ಪದೆ ನೋಡಿಸಿಕೊಂಡರೆ ಸಾಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಟಿಐಎ ಆಗಿದ್ದರೆ, ಡಿಸ್ಚಾರ್ಜ್ ಮಾಡಿಸಿಕೊಳ್ಳುವ ಮುಂಚೆ ಡಾಕ್ಟರನ್ನು ದಯವಿಟ್ಟು ಕೇಳಿ: "ಹೃದಯದ ಬಡಿತವನ್ನು ಎಷ್ಟು ದಿನ ನೋಡಿದಿರಿ, ಇನ್ನೂ ಎಷ್ಟು ದಿನ ನೋಡಬೇಕು?"