ಗಾಡಿ ಕೊಳ್ಳುವ ಮೊದಲು



ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು. ಗೊರಸು ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಬೆಲೆಯ ಮಾತು ಆಮೇಲೆ.

ಈಗ ಎತ್ತಿನ ಗಾಡಿಯ ಜಾಗಕ್ಕೆ ಪಿಕಪ್ ಗಾಡಿ ಬಂದಿದೆ. ಭದ್ರಾವತಿ ಕಡೆಯಿಂದ ಭತ್ತ, ಅಡಿಕೆ, ತರಕಾರಿ ಶಿವಮೊಗ್ಗಕ್ಕೆ ಇದರಲ್ಲೇ ಹೋಗುತ್ತದೆ. ಟಾಟಾ ಏಸ್ ಗಾಡಿ 2005ರಲ್ಲಿ ಬಂತು. ಅಶೋಕ್ ಲೇಲ್ಯಾಂಡ್ ದೋಸ್ತ್ 2011ರಲ್ಲಿ ಬಂತು. ಮಹೀಂದ್ರ ಬೊಲೆರೊ ಪಿಕಪ್ ಕೂಡ ನಮ್ಮ ರಸ್ತೆಗಳಲ್ಲಿ ಓಡುತ್ತದೆ. ಹೊಸ ಗಾಡಿಗೆ ಬೆಲೆ ಹೆಚ್ಚು. ಆದ್ದರಿಂದ ಎಷ್ಟೋ ಮನೆಯವರು ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುತ್ತಾರೆ.

ದುಡ್ಡು ಎಲ್ಲಿಂದ ಬರುತ್ತದೆ? ಸಂಘದ ಸಾಲ. ಬ್ಯಾಂಕಿನ ಸಾಲ. ಕೆಲವು ಮನೆಯಲ್ಲಿ ಹೆಂಗಸಿನ ಕೊರಳ ಸರ, ಕೈಬಳೆ. ಗಾಡಿ ಓಡಿದರೆ ಕಂತು ಕಟ್ಟಬಹುದು. ಗಾಡಿ ಗ್ಯಾರೇಜಿನಲ್ಲಿ ನಿಂತರೆ? ಕಂತು ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಗಾಡಿ ನೋಡುವುದು ಗಂಡಸರ ಕೆಲಸ ಅಂತ ಸುಮ್ಮನಿರಬೇಡಿ. ನಿಮ್ಮ ಒಡವೆ ಅಡವಿಟ್ಟರೆ ಗಾಡಿ ನೋಡುವ ಹಕ್ಕು ನಿಮ್ಮದೂ ಹೌದು.

1. ಯಾವ ಕೆಲಸಕ್ಕೆ ಗಾಡಿ?

ಮೊದಲು ಮನೆಯಲ್ಲಿ ಕೂತು ಮಾತಾಡಿ. ದಿನಕ್ಕೆ ಎಷ್ಟು ಮೂಟೆ ಹೊರಬೇಕು? ಎಷ್ಟು ದೂರ? ಮಣ್ಣಿನ ರಸ್ತೆಯೋ, ಟಾರು ರಸ್ತೆಯೋ?

ಗಾಡಿಯ ಆರ್.ಸಿ. ಪುಸ್ತಕದಲ್ಲಿ ಅಥವಾ ಕಾರ್ಡಿನಲ್ಲಿ ಎರಡು ತೂಕ ಇರುತ್ತದೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಲೋಡು ಸೇರಿದ ಒಟ್ಟು ತೂಕ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ.

ಒಟ್ಟು ತೂಕ 1600 ಕಿಲೋ ಅನ್ನೋಣ. ಖಾಲಿ ತೂಕ 850 ಕಿಲೋ. ಉಳಿದದ್ದು 750 ಕಿಲೋ. ಇದರಲ್ಲಿ ಡ್ರೈವರ್ ಮತ್ತು ಪಕ್ಕದಲ್ಲಿ ಕೂತವರ ತೂಕವೂ ಸೇರಿದೆ. ಇಬ್ಬರಿಗೆ 130 ಕಿಲೋ ತೆಗೆದರೆ 620 ಕಿಲೋ ಉಳಿಯಿತು. ಅಂದರೆ 50 ಕಿಲೋದ 12 ಮೂಟೆ. 20 ಮೂಟೆ ಹೇರಿದರೆ ಗಾಡಿ ಅಂದೇ ನಿಲ್ಲಲಿಕ್ಕಿಲ್ಲ. ಆದರೆ ಬ್ರೇಕು, ಟೈರು, ಕಮಾನು ಪಟ್ಟಿ ಬೇಗ ಸವೆಯುತ್ತವೆ.

ಇನ್ನೊಂದು ಮುಖ್ಯ ಮಾತು. "ಬಾಡಿಗೆಗೂ ಆಯ್ತು, ಮನೆ ಮಂದಿ ಜಾತ್ರೆಗೆ ಹೋಗೋಕೂ ಆಯ್ತು" ಅಂತ ಹಲವರು ಪಿಕಪ್ ಕೊಳ್ಳುತ್ತಾರೆ. ಇದು ತಪ್ಪು ಲೆಕ್ಕ. ಹಿಂದಿನ ಡಬ್ಬಿ ಸರಕಿಗೆ ಮಾತ್ರ. ಜನರಿಗೆ ಅಲ್ಲ. ಮುಂದೆ ಎಷ್ಟು ಜನ ಕೂರಬಹುದು ಎಂದು ಆರ್.ಸಿ.ಯಲ್ಲಿ ಬರೆದಿದೆ. ಅಷ್ಟೇ ಜನ ಕೂರಬೇಕು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಜನರಿಗೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿದೆ. ಗಾಡಿ ಮಗುಚಿದರೆ ಜೀವವೂ ಹೋಯಿತು, ಪರಿಹಾರವೂ ಇಲ್ಲ. ಗಾಡಿಯ ಒಡೆಯರೇ ಪರಿಹಾರ ತೆರಬೇಕಾದೀತು. ಮದುವೆಗೆ, ಜಾತ್ರೆಗೆ ಬಸ್ಸಿನಲ್ಲಿ ಹೋಗಿ.

2. ನಾಲ್ಕು ಜನರನ್ನು ಕೇಳಿ

ಮಾರುವವರು ತಮ್ಮ ಗಾಡಿಯನ್ನು ಕೆಟ್ಟದ್ದು ಎನ್ನುವುದಿಲ್ಲ. ಅದೇ ಕಂಪನಿಯ, ಅದೇ ಜಾತಿಯ ಗಾಡಿಯನ್ನು ನಾಲ್ಕೈದು ವರ್ಷ ಓಡಿಸಿದವರನ್ನು ಹುಡುಕಿ. ಎ.ಪಿ.ಎಂ.ಸಿ. ಯಾರ್ಡಿನಲ್ಲಿ, ಗೂಡ್ಸ್ ಗಾಡಿಗಳ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. ಅವರನ್ನು ಹೀಗೆ ಕೇಳಿ:

— ಅಣ್ಣಾ, ಹೋದ ವರ್ಷ ಗಾಡಿ ಎಷ್ಟು ದಿನ ಗ್ಯಾರೇಜಿನಲ್ಲಿ ನಿಂತಿತ್ತು?
— ಯಾವ ಸಾಮಾನು ಪದೇ ಪದೇ ಹೋಗುತ್ತೆ?
— ಆ ಸಾಮಾನು ಭದ್ರಾವತಿಯಲ್ಲೇ ಸಿಗುತ್ತಾ? ಶಿವಮೊಗ್ಗಕ್ಕೆ ಹೋಗಬೇಕಾ?
— ಲೀಟರಿಗೆ ಎಷ್ಟು ಕಿಲೋಮೀಟರು ಕೊಡುತ್ತೆ?

ಊರಿನಲ್ಲಿ ಯಾವ ಗಾಡಿ ಹೆಚ್ಚು ಓಡುತ್ತದೋ ಅದರ ಸಾಮಾನು ಬೇಗ ಸಿಗುತ್ತದೆ. ಅದರ ಕೆಲಸ ಬಲ್ಲ ಮೆಕ್ಯಾನಿಕ್ ಕೂಡ ಸಿಗುತ್ತಾರೆ. ಅಪರೂಪದ ಗಾಡಿ ಎಷ್ಟೇ ಚೆನ್ನಾಗಿರಲಿ, ಒಂದು ಸಣ್ಣ ಸಾಮಾನಿಗೆ ವಾರಗಟ್ಟಲೆ ಕಾಯಬೇಕಾಗಬಹುದು.

3. ಕಣ್ಣಿನಿಂದ ನೋಡಿ

ಹಗಲು ಹೊತ್ತಿನಲ್ಲೇ ನೋಡಿ. ಮಳೆಯಲ್ಲಿ, ಕತ್ತಲಲ್ಲಿ ಬೇಡ. ಮಳೆ ನೀರಿನಲ್ಲಿ ಹಳೆ ಬಣ್ಣವೂ ಹೊಳೆಯುತ್ತದೆ.

ತುಕ್ಕು: ಭದ್ರಾವತಿ ಕಬ್ಬಿಣದ ಊರು. ಇಲ್ಲಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ತಯಾರಿಸಲು ಶುರು ಮಾಡಿತು. ಕಬ್ಬಿಣಕ್ಕೆ ತುಕ್ಕು ಶತ್ರು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೀರ್ಥಹಳ್ಳಿ, ಹೊಸನಗರದ ಮಳೆಯಲ್ಲಿ ಓಡಿದ ಗಾಡಿಗೆ ತುಕ್ಕು ಬೇಗ ಹಿಡಿಯುತ್ತದೆ. ಕರಾವಳಿಯಿಂದ ಮೀನು ತಂದ ಗಾಡಿಗೆ ಇನ್ನೂ ಬೇಗ. ಉಪ್ಪು ನೀರು ಕಬ್ಬಿಣವನ್ನು ತಿನ್ನುತ್ತದೆ. ಗೊಬ್ಬರ ಹೊತ್ತ ಗಾಡಿಗೂ ಹಾಗೇ. ಆದ್ದರಿಂದ ಬಗ್ಗಿ ಗಾಡಿಯ ಅಡಿ ನೋಡಿ. ಉದ್ದಕ್ಕೆ ಎರಡು ಕಬ್ಬಿಣದ ತೊಲೆ ಇರುತ್ತವೆ. ಅದೇ ಚಾಸಿ. ಅದು ಗಾಡಿಯ ಬೆನ್ನುಮೂಳೆ. ಅದರಲ್ಲಿ ಬಿರುಕು, ಬೆಸುಗೆಯ ಗುರುತು, ಪದರ ಏಳುವ ತುಕ್ಕು ಕಂಡರೆ ಆ ಗಾಡಿ ಬೇಡ. ಅಡಿಗೆ ಮಾತ್ರ ಹೊಸ ಕಪ್ಪು ಬಣ್ಣ ಬಳಿದಿದ್ದರೆ "ಯಾಕೆ?" ಅಂತ ಕೇಳಿ.

ಕಮಾನು ಪಟ್ಟಿ: ಹಿಂದಿನ ಚಕ್ರದ ಹತ್ತಿರ ಕಬ್ಬಿಣದ ಪಟ್ಟಿಗಳ ಕಟ್ಟು ಇರುತ್ತದೆ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಹಾಕಿಸಿದ್ದರೆ ಗಾಡಿ ಹೆಚ್ಚು ಲೋಡು ಹೊತ್ತಿರಬಹುದು.

ಟೈರು: ಟೈರಿನ ಪಕ್ಕದಲ್ಲಿ 4 ಅಂಕಿ ಒಟ್ಟಿಗೆ ಇರುತ್ತವೆ. ಉದಾಹರಣೆಗೆ 2319. ಮೊದಲ ಎರಡು ಅಂಕಿ ವಾರ. ಕೊನೆಯ ಎರಡು ಅಂಕಿ ವರ್ಷ. ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ ಟೈರು. ಟೈರು ಕಪ್ಪಗೆ ಹೊಳೆದರೂ ವಯಸ್ಸು ಮುಚ್ಚಿಡಲು ಆಗುವುದಿಲ್ಲ. ಒಂದೇ ಪಕ್ಕ ಸವೆದಿದ್ದರೆ ಚಕ್ರದ ಜೋಡಣೆ ಸರಿ ಇಲ್ಲ ಎಂದು ತಿಳಿಯಿರಿ.

ಪೆಡಲು: ಮೀಟರು 40,000 ಕಿಲೋಮೀಟರು ತೋರಿಸುತ್ತದೆ. ಆದರೆ ಬ್ರೇಕ್ ಪೆಡಲಿನ ರಬ್ಬರು ಪೂರ್ತಿ ಸವೆದಿದೆ. ಸೀಟು ಕುಸಿದಿದೆ. ಹಾಗಿದ್ದರೆ ಮೀಟರನ್ನು ನಂಬಬೇಡಿ. ಮೀಟರು ತಿರುಗಿಸುವವರು ಇದ್ದಾರೆ. ಸರ್ವಿಸ್ ಮಾಡಿಸಿದ ಬಿಲ್ಲು ಕೇಳಿ. ಬಿಲ್ಲಿನಲ್ಲಿ ತಾರೀಖು ಮತ್ತು ಕಿಲೋಮೀಟರು ಬರೆದಿರುತ್ತದೆ.

4. ಓಡಿಸಿ ನೋಡಿ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ. "ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಬಿಸಿ ಇಂಜಿನ್ ಬೇಗ ಸ್ಟಾರ್ಟ್ ಆಗುತ್ತದೆ. ತಣ್ಣಗಿರುವಾಗಲೇ ಅದರ ಗುಣ ತಿಳಿಯುವುದು.

ಡೀಸೆಲ್ ಗಾಡಿಯ ಹೊಗೆಯ ಬಣ್ಣ ನೋಡಿ.
ಕಪ್ಪು ಹೊಗೆ: ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ.
ನೀಲಿ ಹೊಗೆ: ಇಂಜಿನ್ ಆಯಿಲ್ ಸುಡುತ್ತಿದೆ. ಇದಕ್ಕೆ ಖರ್ಚು ದೊಡ್ಡದು.
ಬಿಳಿ ಹೊಗೆ: ಚಳಿಯಲ್ಲಿ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆ ಇಲ್ಲ. ಬರುತ್ತಲೇ ಇದ್ದರೆ ಇಂಜಿನ್ನಿನೊಳಗೆ ನೀರು ಸೇರುತ್ತಿರಬಹುದು.

ಇಂಜಿನ್ ಆಯಿಲ್ ಮುಚ್ಚಳ ತೆಗೆಸಿ. ಒಳಗೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಆಯಿಲ್ಲಿಗೆ ನೀರು ಬೆರೆತಿದೆ.

ಆಮೇಲೆ ರಸ್ತೆಗೆ ಹೋಗಿ. ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಲದು. ಏರು ರಸ್ತೆಗೂ ಒಯ್ಯಿರಿ. ಆದರೆ ಸ್ವಲ್ಪ ಲೋಡು ಹಾಕಿಸಿ. ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಎಂದರೆ ಕ್ಲಚ್ ಪ್ಲೇಟು ಸವೆದಿದೆ. ಬ್ರೇಕ್ ಹಿಡಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆದರೆ ಬ್ರೇಕ್ ಸರಿ ಇಲ್ಲ.

ನಿಮಗೆ ನಂಬಿಕೆ ಇರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಮಾರುವವರ ಮೆಕ್ಯಾನಿಕ್ ಬೇಡ. ಅವರ ಒಂದು ದಿನದ ಕೂಲಿ ಕೊಡಿ. ಲಕ್ಷ ಉಳಿಸಲು ಅದು ದೊಡ್ಡ ಖರ್ಚಲ್ಲ.

5. ಕಾಗದ ಓದಿ

ಒಂದು ಮಾತುಕತೆ ಓದಿ.

ದಲ್ಲಾಳಿ: ಅಕ್ಕಾ, ಒಬ್ಬರೇ ಓನರ್ ಇಟ್ಟುಕೊಂಡ ಗಾಡಿ ಇದು. ಇವತ್ತೇ ಅಡ್ವಾನ್ಸ್ ಕೊಟ್ಟುಬಿಡಿ. ನಾಳೆ ಅಂದ್ರೆ ಬೇರೆಯವರು ಒಯ್ತಾರೆ.
ಗಿರಾಕಿ: ಆಗಲಿ ಅಣ್ಣಾ. ಮೊದಲು ಆರ್.ಸಿ. ಕೊಡಿ, ಓದ್ತೀನಿ.
ದಲ್ಲಾಳಿ: ಅದೆಲ್ಲಾ ಇಂಗ್ಲಿಷಿನಲ್ಲಿದೆ ಅಕ್ಕಾ. ನಿಮಗೆ ತಿಳಿಯಲ್ಲ.
ಗಿರಾಕಿ: ಅಂಕಿ ತಿಳಿಯುತ್ತೆ ಅಣ್ಣಾ. ಓನರ್ ಅಂತ ಇರೋ ಕಡೆ 3 ಅಂತ ಇದೆಯಲ್ಲ? ಅಂದ್ರೆ ಇವರು ಮೂರನೇ ಓನರ್ ಅಲ್ವಾ?
ದಲ್ಲಾಳಿ: ಹೌದಕ್ಕಾ... ಅದು...
ಗಿರಾಕಿ: ಪರವಾಗಿಲ್ಲ. ಉಳಿದದ್ದೂ ಓದೋಣ ಬನ್ನಿ.

ಏನೇನು ಓದಬೇಕು?

ಗಾಡಿ ನಂಬರು. ಶಿವಮೊಗ್ಗದ ಗಾಡಿಗೆ ಕೆ.ಎ. 14, ಸಾಗರದ ಗಾಡಿಗೆ ಕೆ.ಎ. 15 ಎಂದು ಇರುತ್ತದೆ. ಬಾಡಿಗೆಗೆ ಓಡುವ ಗೂಡ್ಸ್ ಗಾಡಿಗೆ ಹಳದಿ ಬೋರ್ಡು ಬೇಕು.

ಚಾಸಿ ನಂಬರು. ಅದರಲ್ಲಿ 17 ಅಕ್ಷರ ಮತ್ತು ಅಂಕಿ ಇವೆ. ಗಾಡಿಯ ಮೇಲೆ ಕೊರೆದ ನಂಬರು ಮತ್ತು ಆರ್.ಸಿ.ಯ ನಂಬರು ಒಂದೇ ಇರಬೇಕು. ಒಂದೊಂದನ್ನೇ ಬೆರಳಿಟ್ಟು ಹೋಲಿಸಿ. ಒಂದೇ ಒಂದು ತಪ್ಪಿದ್ದರೂ ಎದ್ದು ಬನ್ನಿ.

ಸಾಲ. ಗಾಡಿಯ ಮೇಲೆ ಬ್ಯಾಂಕಿನ ಅಥವಾ ಫೈನಾನ್ಸಿನ ಸಾಲ ಇದ್ದರೆ ಆರ್.ಸಿ.ಯಲ್ಲಿ ಅದರ ಹೆಸರು ಇರುತ್ತದೆ. ಸಾಲ ತೀರಿದ ಪತ್ರ ಮತ್ತು ಫಾರಂ 35 ಕೇಳಿ. ಇಲ್ಲದಿದ್ದರೆ ಹಳಬರ ಸಾಲಕ್ಕೆ ನಿಮ್ಮ ಗಾಡಿ ಜಪ್ತಿ ಆಗಬಹುದು.

ಎಫ್.ಸಿ. ಗಾಡಿ ರಸ್ತೆಗೆ ಯೋಗ್ಯ ಎನ್ನುವ ಪತ್ರ ಇದು. 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು.

ಇನ್ಶೂರೆನ್ಸ್, ತೆರಿಗೆ, ಹೊಗೆ ಸರ್ಟಿಫಿಕೇಟು. ಮೂರರಲ್ಲೂ ಕೊನೆಯ ತಾರೀಖು ಓದಿ. ಒಟ್ಟು ತೂಕ 3000 ಕಿಲೋ ಮೀರಿದ ಗಾಡಿಯಾದರೆ ಪರ್ಮಿಟ್ ಕೂಡ ಬೇಕು.

ಮೊಬೈಲಿನಲ್ಲಿ ಎಂಪರಿವಾಹನ್ ಎಂಬ ಸರ್ಕಾರದ ಆಪ್ ಇದೆ. ಗಾಡಿ ನಂಬರು ಹಾಕಿದರೆ ಎಫ್.ಸಿ., ಇನ್ಶೂರೆನ್ಸ್ ತಾರೀಖು ತೋರಿಸುತ್ತದೆ. ಕಟ್ಟದೆ ಉಳಿದ ದಂಡವನ್ನೂ ನೋಡಿಸಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

6. ಲೆಕ್ಕ ಹಾಕೋಣ

ಎರಡು ಗಾಡಿ ಇವೆ ಎಂದುಕೊಳ್ಳಿ.

ಮೊದಲ ಗಾಡಿಯ ಬೆಲೆ 2,20,000 ರೂಪಾಯಿ.
4 ಟೈರು — 16,000
ಕ್ಲಚ್ ಕೆಲಸ — 8,000
ಎಫ್.ಸಿ. ಮತ್ತು ಅದಕ್ಕೆ ರಿಪೇರಿ — 15,000
ಇನ್ಶೂರೆನ್ಸ್ — 20,000
ಹಳೆಯ ದಂಡ — 3,000
ಒಟ್ಟು — 2,82,000 ರೂಪಾಯಿ.

ಎರಡನೇ ಗಾಡಿಯ ಬೆಲೆ 2,60,000 ರೂಪಾಯಿ. ಟೈರು ಚೆನ್ನಾಗಿದೆ. ಎಫ್.ಸಿ., ಇನ್ಶೂರೆನ್ಸ್ ಇನ್ನೂ ಇದೆ.
ಆಯಿಲ್ ಮತ್ತು ಸಣ್ಣ ಕೆಲಸ — 6,000
ಒಟ್ಟು — 2,66,000 ರೂಪಾಯಿ.

ಯಾವುದು ಅಗ್ಗ? ಕೇಳುವಾಗ ಮೊದಲ ಗಾಡಿ 40,000 ಕಡಿಮೆ. ಲೆಕ್ಕ ಮುಗಿದಾಗ ಅದೇ 16,000 ಹೆಚ್ಚು. ರಿಪೇರಿಗೆ ನಿಂತ ದಿನಗಳ ಬಾಡಿಗೆ ನಷ್ಟ ಬೇರೆ.

7. ದುಡ್ಡು ಕೊಟ್ಟ ಮೇಲೆ

ಫಾರಂ 29 ಮತ್ತು 30ಕ್ಕೆ ಸಹಿ ಆಗಬೇಕು. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಇನ್ಶೂರೆನ್ಸನ್ನು 14 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಕೊಡಿ. "ಆಮೇಲೆ ಮಾಡಿಸೋಣ" ಎಂದರೆ ಅಪಘಾತವಾದ ದಿನ ಗೋಳು.

ಆರ್.ಸಿ. ನಿಮ್ಮ ಹೆಸರಿಗೇ ಮಾಡಿಸಬಹುದು. ಗಾಡಿಯ ಒಡತಿ ಆಗಲು ಲೈಸೆನ್ಸ್ ಬೇಡ. ಓಡಿಸಲು ಬೇಕು. ಕಾರಿನ ಲೈಸೆನ್ಸ್ ಇದ್ದವರು ಒಟ್ಟು 7500 ಕಿಲೋ ಒಳಗಿನ ಸರಕಿನ ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2024ರ ನವೆಂಬರ್ 6ರಂದು ಹೇಳಿದೆ. ಇದು ಹೆಂಗಸರಿಗೂ ಅನ್ವಯಿಸುತ್ತದೆ.

ನೆನಪಿಡಿ

ಬಣ್ಣ ನೋಡಿ ಕೊಳ್ಳಬೇಡಿ, ಅಡಿ ನೋಡಿ ಕೊಳ್ಳಿ.
ಮಾತು ಕೇಳಿ ಕೊಡಬೇಡಿ, ಕಾಗದ ಓದಿ ಕೊಡಿ.
ಅವಸರ ಮಾಡುವವರಿಗೆ ಅಡ್ವಾನ್ಸ್ ಕೊಡಬೇಡಿ.

ಉತ್ತರ ಬರೆಯಿರಿ

1. ಟೈರಿನ ಮೇಲೆ 4021 ಎಂದಿದೆ. ಅದು ಯಾವ ವರ್ಷದ ಟೈರು?
2. ನೀಲಿ ಹೊಗೆ ಬಂದರೆ ಏನರ್ಥ?
3. ಒಟ್ಟು ತೂಕ 2600 ಕಿಲೋ, ಖಾಲಿ ತೂಕ 1500 ಕಿಲೋ. ಉಳಿದದ್ದು ಎಷ್ಟು? ಅದರಲ್ಲಿ ಇಬ್ಬರ ತೂಕ 130 ಕಿಲೋ ತೆಗೆಯಿರಿ. 50 ಕಿಲೋದ ಎಷ್ಟು ಮೂಟೆ ಹೇರಬಹುದು?
4. ಹಿಂದಿನ ಡಬ್ಬಿಯಲ್ಲಿ ಜನರನ್ನು ಯಾಕೆ ಕೂರಿಸಬಾರದು?

ಮಾಡಿ ನೋಡಿ

ನಿಮ್ಮ ಬೀದಿಯ ಒಂದು ಗಾಡಿಯ ಟೈರಿನ ಅಂಕಿ ಓದಿ. ಅದು ಎಷ್ಟು ವರ್ಷ ಹಳೆಯದು ಎಂದು ಲೆಕ್ಕ ಹಾಕಿ. ಮುಂದಿನ ತರಗತಿಗೆ ಬರೆದು ತನ್ನಿ.